ಪಿನ್‌ಬಾಲ್: ಅದೃಷ್ಟದ ಆಟವೇ, ಕೌಶಲದ ಆಟವೇ?

2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಕಾರ್ನೆಗಿ ಎಂಬ ಊರಿನಲ್ಲಿ ಪಿಎಪಿಎ ವಿಶ್ವ ಪಿನ್‌ಬಾಲ್ ಚಾಂಪಿಯನ್‌ಶಿಪ್ ನಡೆಯಿತು. ಮೂವತ್ತು, ನಲವತ್ತು ವರ್ಷಗಳಿಂದ ಈ ಆಟವನ್ನೇ ಆಡಿಕೊಂಡು ಬಂದವರು ಅಲ್ಲಿ ಸೇರಿದ್ದರು. ಅವರೆಲ್ಲರನ್ನೂ ಸೋಲಿಸಿ ಗೆದ್ದವನು ಕೊಲರಾಡೊ ರಾಜ್ಯದ ಎಷರ್ ಲೆಫ್‌ಕಾಫ್. ಆಗ ಅವನ ವಯಸ್ಸು 13. ನಮ್ಮಲ್ಲಾದರೆ ಎಂಟನೇ ತರಗತಿಯ ಹುಡುಗ.

ಈ ಸುದ್ದಿಯನ್ನು ಮನೆಯಲ್ಲಿ ಹೇಳಿದಾಗ ಎಂಟನೇ ತರಗತಿಯಲ್ಲಿ ಓದುವ ನನ್ನ ತಮ್ಮ ಒಂದೇ ಪ್ರಶ್ನೆ ಕೇಳಿದ: "ಚೆಂಡು ಎಲ್ಲಿಗೆ ಬೇಕಾದರೂ ಹೋಗುವ ಆಟದಲ್ಲಿ ಗೆಲ್ಲುವುದು ಅದೃಷ್ಟ ಅಲ್ಲವಾ?" ಪ್ರಶ್ನೆ ಚಿಕ್ಕದಾದರೂ ಉತ್ತರ ಚಿಕ್ಕದಲ್ಲ. ಅಮೆರಿಕದ ನ್ಯಾಯಾಲಯಗಳು, ನಗರಸಭೆಗಳು ದಶಕಗಳ ಕಾಲ ಇದೇ ಪ್ರಶ್ನೆಯನ್ನು ಚರ್ಚಿಸಿವೆ. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಬೇರೆ ಆಟಗಳ ವಿಷಯದಲ್ಲಿ ಇದನ್ನು ಚರ್ಚಿಸಿದೆ. ಕೈಯಲ್ಲಿ ಮೊಬೈಲ್ ಹಿಡಿದಿರುವ ನಮ್ಮೆಲ್ಲರಿಗೂ ಇದು ಸಂಬಂಧಿಸಿದ ವಿಷಯ. ಆದ್ದರಿಂದ ಈ ಲೇಖನ.

ಪಿನ್‌ಬಾಲ್ ಎಂದರೇನು?

ನಮ್ಮಲ್ಲಿ ಹೆಚ್ಚಿನವರಿಗೆ ಪಿನ್‌ಬಾಲ್ ಪರಿಚಯವಾದದ್ದು ಕಂಪ್ಯೂಟರ್‌ನಲ್ಲಿ. ವಿಂಡೋಸ್ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್‌ಗಳಲ್ಲಿ 'ಸ್ಪೇಸ್ ಕೆಡೆಟ್' ಎಂಬ ಪಿನ್‌ಬಾಲ್ ಆಟ ಇರುತ್ತಿತ್ತು. ಆಮೇಲಿನ ವಿಂಡೋಸ್‌ಗಳಲ್ಲಿ ಅದು ಬರಲಿಲ್ಲ. ಬಸವೇಶ್ವರನಗರದಲ್ಲಿ ನನ್ನ ಮಾಮನ ಜೆರಾಕ್ಸ್ ಅಂಗಡಿಯಲ್ಲಿ ಅಂತಹ ಒಂದು ಹಳೆಯ ಕಂಪ್ಯೂಟರ್ ಇತ್ತು. ನಾನು ಈ ಆಟ ಕಲಿತದ್ದು ಅದರಲ್ಲೇ.

ನಿಜವಾದ ಪಿನ್‌ಬಾಲ್ ಎಂದರೆ ಕಾಲುಗಳ ಮೇಲೆ ನಿಂತ, ಗಾಜಿನ ಮುಚ್ಚಳದ ಒಂದು ದೊಡ್ಡ ಪೆಟ್ಟಿಗೆ. ಒಳಗಿನ ಹಲಗೆ ಆಟಗಾರನ ಕಡೆಗೆ ಸ್ವಲ್ಪ ಇಳಿಜಾರಾಗಿರುತ್ತದೆ. ಸುಮಾರು 27 ಮಿಲಿಮೀಟರ್ ವ್ಯಾಸದ, 80 ಗ್ರಾಂ ತೂಕದ ಉಕ್ಕಿನ ಚೆಂಡನ್ನು ಸ್ಪ್ರಿಂಗ್ ಹಿಡಿಕೆಯಿಂದ ಮೇಲಕ್ಕೆ ಚಿಮ್ಮಿಸಬೇಕು. ಅದು ಕೆಳಗೆ ಉರುಳಿ ಬರುವಾಗ ಬಂಪರ್‌ಗಳಿಗೆ, ಗುರಿಗಳಿಗೆ ತಗುಲಿ ಅಂಕ ತರುತ್ತದೆ. ತಳದಲ್ಲಿ ಫ್ಲಿಪ್ಪರ್ ಎಂಬ ಎರಡು ಚಿಕ್ಕ ತೋಳುಗಳಿರುತ್ತವೆ. ಪೆಟ್ಟಿಗೆಯ ಎರಡು ಬದಿಯ ಗುಂಡಿ ಒತ್ತಿದರೆ ಅವು ಮೇಲೇಳುತ್ತವೆ. ಅವುಗಳಿಂದ ಚೆಂಡನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಎರಡರ ನಡುವೆ ಚೆಂಡು ಜಾರಿಹೋದರೆ ಆ ಚೆಂಡಿನ ಆಟ ಮುಗಿಯಿತು.

ಇದರ ಮೂಲ ಬಿಲಿಯರ್ಡ್ಸ್. ಬಿಲಿಯರ್ಡ್ಸ್ ಮೇಜನ್ನು ಚಿಕ್ಕದು ಮಾಡಿ, ಗೂಟಗಳನ್ನು ನೆಟ್ಟು, 18ನೇ ಶತಮಾನದ ಕೊನೆಯಲ್ಲಿ ಫ್ರಾನ್ಸ್‌ನಲ್ಲಿ 'ಬ್ಯಾಗಟೆಲ್' ಎಂಬ ಆಟ ಮಾಡಿಕೊಂಡರು. ಮರದ ಹಲಗೆಗೆ ಮೊಳೆ ಹೊಡೆದು, ಗೋಲಿ ಚಿಮ್ಮಿಸುವ ಅದರ ಪುಟ್ಟ ರೂಪ ನಮ್ಮ ಹಿರಿಯರ ಕಾಲದ ಆಟಿಕೆಗಳಲ್ಲಿ ಇತ್ತು. ನಿಮ್ಮ ತಂದೆ ತಾಯಿಯರನ್ನು ಕೇಳಿ ನೋಡಿ, ಅವರಿಗೆ ನೆನಪಿರಬಹುದು. 1871ರಲ್ಲಿ ಅಮೆರಿಕದಲ್ಲಿ ಮಾಂಟೇಗ್ ರೆಡ್‌ಗ್ರೇವ್ ಎಂಬವರು ಸ್ಪ್ರಿಂಗ್ ಹಿಡಿಕೆಯ ಬ್ಯಾಗಟೆಲ್‌ಗೆ ಪೇಟೆಂಟ್ ಪಡೆದರು. 1930ರ ದಶಕದ ಆರಂಭದಲ್ಲಿ ನಾಣ್ಯ ಹಾಕಿ ಆಡುವ ಯಂತ್ರಗಳು ಅಂಗಡಿ ಹೋಟೆಲುಗಳಿಗೆ ಬಂದವು.

ನಿಷೇಧ ಯಾಕೆ ಬಂತು?

ಆ ಮೊದಲ ಯಂತ್ರಗಳಲ್ಲಿ ಫ್ಲಿಪ್ಪರ್ ಇರಲಿಲ್ಲ. ಚೆಂಡನ್ನು ಚಿಮ್ಮಿಸಿದ ಮೇಲೆ ಆಟಗಾರನಿಗೆ ಹೆಚ್ಚು ಕೆಲಸವಿರಲಿಲ್ಲ. ಕೆಲವು ಯಂತ್ರಗಳು ಗೆದ್ದವರಿಗೆ ಹಣ ಕೊಡುತ್ತಿದ್ದವು. ಹೀಗಾಗಿ ಇದು ಜೂಜು ಎಂಬ ಆರೋಪ ಬಂತು. 1942ರಲ್ಲಿ ನ್ಯೂಯಾರ್ಕ್ ಮೇಯರ್ ಫಿಯೊರೆಲ್ಲೊ ಲಾ ಗಾರ್ಡಿಯಾ ನಗರದಲ್ಲಿ ಪಿನ್‌ಬಾಲ್ ನಿಷೇಧಿಸಿದರು. ಪೊಲೀಸರು ಸಾವಿರಾರು ಯಂತ್ರಗಳನ್ನು ವಶಪಡಿಸಿಕೊಂಡರು. ಸುತ್ತಿಗೆಯಿಂದ ಅವುಗಳನ್ನು ಒಡೆಯುವ ಚಿತ್ರಗಳು ಪತ್ರಿಕೆಗಳಲ್ಲಿ ಬಂದವು.

ಐದು ವರ್ಷಗಳ ನಂತರ ಆಟದ ಸ್ವರೂಪವೇ ಬದಲಾಯಿತು. 1947ರಲ್ಲಿ ಗಾಟ್ಲೀಬ್ ಕಂಪನಿಯ 'ಹಂಪ್ಟಿ ಡಂಪ್ಟಿ' ಎಂಬ ಯಂತ್ರದಲ್ಲಿ ಫ್ಲಿಪ್ಪರ್‌ಗಳು ಬಂದವು. ಈಗ ಚೆಂಡನ್ನು ಆಟದಲ್ಲಿ ಉಳಿಸಿಕೊಳ್ಳುವುದು, ಬೇಕಾದ ಕಡೆಗೆ ಕಳಿಸುವುದು ಆಟಗಾರನ ಕೈಯಲ್ಲಿತ್ತು. ಆದರೂ ನ್ಯೂಯಾರ್ಕಿನ ನಿಷೇಧ 34 ವರ್ಷ ಮುಂದುವರಿಯಿತು.

1976ರ ಏಪ್ರಿಲ್‌ನಲ್ಲಿ ರೋಜರ್ ಶಾರ್ಪ್ ಎಂಬ ಯುವ ಪತ್ರಕರ್ತರು ನಗರಸಭೆಯ ಸಮಿತಿಯ ಎದುರು ಯಂತ್ರವಿಟ್ಟು ಆಡಿ ತೋರಿಸಿದರು. ಯಾವ ಗುರಿಗೆ ಹೊಡೆಯುತ್ತೇನೆ ಎಂದು ಮೊದಲು ಹೇಳಿ, ಆಮೇಲೆ ಹೊಡೆದರು. ಕೊನೆಗೆ ಚೆಂಡನ್ನು ಚಿಮ್ಮಿಸುವ ಮೊದಲೇ ಅದು ಮೇಲಿನ ಯಾವ ಓಣಿಯಲ್ಲಿ ಇಳಿಯುತ್ತದೆ ಎಂದು ಬೆರಳು ಮಾಡಿ ತೋರಿಸಿದರು. ಚೆಂಡು ಅದೇ ಓಣಿಯಲ್ಲಿ ಇಳಿಯಿತು. ಸಮಿತಿ ಒಪ್ಪಿತು, ನಿಷೇಧ ಹೋಯಿತು. ಆ ಕೊನೆಯ ಹೊಡೆತದಲ್ಲಿ ಅದೃಷ್ಟದ ಪಾಲೂ ಇತ್ತೆಂದು ಶಾರ್ಪ್ ಅವರೇ ಮುಂದೆ ಒಪ್ಪಿಕೊಂಡಿದ್ದಾರೆ. ಕೌಶಲವನ್ನು ಸಾಬೀತುಪಡಿಸಿದ ಹೊಡೆತದಲ್ಲೂ ಅದೃಷ್ಟ ಬೆರೆತಿತ್ತು! ಹಾಗಾದರೆ ಎರಡನ್ನೂ ಬೇರೆ ಮಾಡಿ ನೋಡುವುದು ಹೇಗೆ?

ಕೈಯ ಕೆಲಸ, ಭೌತಶಾಸ್ತ್ರದ ಲೆಕ್ಕ

ಮೊದಲು ಆಟಗಾರನ ಕೈಯಲ್ಲಿ ಏನಿದೆ ಎಂದು ನೋಡೋಣ. ಪ್ರಥಮ ಪಿಯುಸಿ ಭೌತಶಾಸ್ತ್ರ ಇದಕ್ಕೆ ಸಾಕು.

ಹಲಗೆಯ ಇಳಿಜಾರು ಸಾಮಾನ್ಯವಾಗಿ 6.5 ಡಿಗ್ರಿ. ಗುರುತ್ವ ವೇಗೋತ್ಕರ್ಷ 9.8 ಅನ್ನು ಆ ಕೋನದ ಸೈನ್‌ನಿಂದ ಗುಣಿಸಿದರೆ ಸುಮಾರು 1.1 ಬರುತ್ತದೆ. ಚೆಂಡು ಜಾರದೆ ಉರುಳುವುದರಿಂದ ಅದನ್ನು ಏಳರಲ್ಲಿ ಐದು ಪಾಲು ಮಾಡಬೇಕು. ಆಗ ಸಿಗುವುದು ಸೆಕೆಂಡ್ ವರ್ಗಕ್ಕೆ ಸುಮಾರು 0.8 ಮೀಟರ್. ಅಂದರೆ ನೇರವಾಗಿ ಬೀಳುವ ಚೆಂಡಿನ ಹನ್ನೆರಡನೆಯ ಒಂದು ಪಾಲು. ಒಂದು ಮೀಟರ್‌ಗಿಂತ ಸ್ವಲ್ಪ ಉದ್ದದ ಹಲಗೆಯಲ್ಲಿ, ಏನೂ ತಗುಲದೆ ಮೇಲಿನಿಂದ ಕೆಳಕ್ಕೆ ಬರಲು ಚೆಂಡಿಗೆ ಹೆಚ್ಚುಕಡಿಮೆ 1.7 ಸೆಕೆಂಡ್ ಬೇಕು. ಯೋಚಿಸಲು ಸಮಯವಿದೆ. ಸಮಯ ಸಾಲದೆ ಹೋಗುವುದು ಬಂಪರ್‌ಗಳು ಚೆಂಡನ್ನು ಒದ್ದು ಕಳಿಸಿದಾಗ ಮಾತ್ರ.

ಹೊಸಬರು ಚೆಂಡು ಹತ್ತಿರ ಬಂದ ಕೂಡಲೇ ಎರಡು ಗುಂಡಿಗಳನ್ನೂ ಒತ್ತುತ್ತಾರೆ. ಪಳಗಿದವರು ಮೊದಲು ಚೆಂಡನ್ನು ನಿಲ್ಲಿಸುತ್ತಾರೆ. ಫ್ಲಿಪ್ಪರ್ ಎತ್ತಿ ಹಿಡಿದರೆ ಅದರ ಬುಡದಲ್ಲಿ ಚೆಂಡು ತೊಟ್ಟಿಲಿನಲ್ಲಿ ಮಲಗಿದಂತೆ ನಿಲ್ಲುತ್ತದೆ. ಉಸಿರು ತೆಗೆದುಕೊಳ್ಳಬಹುದು, ಅಂಕ ನೋಡಬಹುದು, ಮುಂದೆ ಎಲ್ಲಿಗೆ ಹೊಡೆಯಬೇಕೆಂದು ನಿರ್ಧರಿಸಬಹುದು. ಮಾಮನ ಅಂಗಡಿಯಲ್ಲಿ ನಾನು ಇದೊಂದನ್ನು ಕಲಿತ ವಾರವೇ ನನ್ನ ಆಟ ಬೇರೆಯಾಯಿತು. ಹೊಡೆಯುವುದಕ್ಕಿಂತ ನಿಲ್ಲಿಸುವುದು ಮೊದಲ ಪಾಠ.

ಎರಡನೆಯದು ಗುರಿ. ಫ್ಲಿಪ್ಪರ್ ಒಂದು ಬಾಗಿಲಿನಂತೆ ಬುಡದ ಕೀಲಿನ ಸುತ್ತ ತಿರುಗುತ್ತದೆ. ಬಲಗಡೆಯ ಫ್ಲಿಪ್ಪರ್‌ನ ತುದಿಗೆ ಚೆಂಡು ಬಂದಾಗ ಹೊಡೆದರೆ ಅದು ಎಡಬದಿಗೆ ಹೋಗುತ್ತದೆ. ಬುಡದ ಹತ್ತಿರ ಇರುವಾಗ ಹೊಡೆದರೆ ಬಲಬದಿಗೇ ಹೋಗುತ್ತದೆ. ಸೆಕೆಂಡಿನ ಸಣ್ಣ ಭಾಗದಷ್ಟು ತಡ ಮಾಡಿದರೆ ಗುರಿ ಬದಲಾಗುತ್ತದೆ. ಇದು ಪುಸ್ತಕ ಓದಿ ಬರುವ ವಿದ್ಯೆಯಲ್ಲ. ಸಾವಿರ ಸಲ ಹೊಡೆದ ಬೆರಳಿಗೆ ಮಾತ್ರ ತಿಳಿಯುತ್ತದೆ.

ಮೂರನೆಯದು ಏನೂ ಮಾಡದೆ ಇರುವುದು. ಚೆಂಡು ಒಂದು ಫ್ಲಿಪ್ಪರ್ ಕಡೆಗೆ ಬರುವಾಗ ಗುಂಡಿ ಒತ್ತದೆ ಬಿಟ್ಟರೆ, ಅದು ರಬ್ಬರಿಗೆ ತಗುಲಿ ಪುಟಿದು ಎದುರಿನ ಫ್ಲಿಪ್ಪರ್ ಮೇಲೆ ಮೆಲ್ಲಗೆ ಬಂದು ಕೂರುತ್ತದೆ. ಗಾಬರಿಯಾದವನಿಗೆ ಇದು ಸಾಧ್ಯವಿಲ್ಲ.

ನಾಲ್ಕನೆಯದು ಯಂತ್ರವನ್ನು ಅಲುಗಿಸುವುದು. ಚೆಂಡು ಅಪಾಯದ ಕಡೆಗೆ ಹೋಗುವಾಗ ಪೆಟ್ಟಿಗೆಯನ್ನು ಸ್ವಲ್ಪ ತಳ್ಳಿ ಅದರ ದಾರಿ ಬದಲಿಸುವುದು ನಿಯಮದ ಒಳಗೇ ಇದೆ. ಆದರೆ ಮಿತಿ ಇದೆ. 1930ರ ದಶಕದಲ್ಲಿ ಹ್ಯಾರಿ ವಿಲಿಯಮ್ಸ್ ಎಂಬ ವಿನ್ಯಾಸಕಾರರು 'ಟಿಲ್ಟ್' ಎಂಬ ಉಪಾಯ ತಂದರು. ಈಗಿನ ಯಂತ್ರಗಳ ಒಳಗೆ ಒಂದು ಲೋಲಕ ಉಂಗುರದ ನಡುವೆ ತೂಗಾಡುತ್ತಿರುತ್ತದೆ. ಹೆಚ್ಚು ಅಲುಗಿಸಿದರೆ ಲೋಲಕ ಉಂಗುರಕ್ಕೆ ತಗುಲಿ ವಿದ್ಯುತ್ ಮಂಡಲ ಪೂರ್ಣಗೊಳ್ಳುತ್ತದೆ, ಫ್ಲಿಪ್ಪರ್‌ಗಳು ಸತ್ತುಹೋಗುತ್ತವೆ, ಚೆಂಡು ಕೈತಪ್ಪುತ್ತದೆ. ಎಷ್ಟು ತಳ್ಳಬಹುದು ಎಂಬ ಅಂದಾಜು ಒಳ್ಳೆಯ ಆಟಗಾರನಿಗೆ ಮೈಯಲ್ಲೇ ಇರುತ್ತದೆ.

ಈ ನಾಲ್ಕರಲ್ಲಿ ಯಾವುದಕ್ಕೂ ದೊಡ್ಡ ದೇಹ ಬೇಕಿಲ್ಲ. ತೋಳ್ಬಲ, ಎತ್ತರ, ಓಟದ ವೇಗ ಯಾವುದೂ ಇಲ್ಲಿ ನಿರ್ಣಾಯಕವಲ್ಲ. ಬೇಕಾದದ್ದು ಕಣ್ಣು, ಬೆರಳು, ತಾಳ್ಮೆ, ಯಂತ್ರದ ನಿಯಮಗಳ ನೆನಪು ಮತ್ತು ಬಹಳ ಗಂಟೆಗಳ ಅಭ್ಯಾಸ. ಎಷರ್‌ನ ತಂದೆ ಆಡಂ ಲೆಫ್‌ಕಾಫ್ ಕೂಡ ಸ್ಪರ್ಧೆಯ ಆಟಗಾರರು. ಹಾಗಾಗಿ ಅವನಿಗೆ ಚಿಕ್ಕಂದಿನಿಂದ ಯಂತ್ರವೂ ಇತ್ತು, ಗುರುವೂ ಇದ್ದರು. ಮುಂದಿನ ವರ್ಷಗಳಲ್ಲಿ ಅವನು ವಿಶ್ವ ರ್ಯಾಂಕಿಂಗ್‌ನಲ್ಲಿ ಮೊದಲ ಸ್ಥಾನಕ್ಕೂ ಏರಿದ. ಒಂದು ಸಲ ಗೆದ್ದು ಮರೆಯಾದ ಹುಡುಗನಲ್ಲ ಅವನು.

ನಮ್ಮ ಊರಿನ ಉದಾಹರಣೆ

ಪಿನ್‌ಬಾಲ್ ನಮ್ಮಿಂದ ದೂರ ಎನ್ನಿಸಿದರೆ ಅದರ ತಾಯಿ ಆಟ ಹತ್ತಿರದಲ್ಲೇ ಇದೆ. ರಾಜಾಜಿನಗರದಿಂದ ಹೆಚ್ಚು ದೂರವಿಲ್ಲದ ವಸಂತನಗರದಲ್ಲಿ ಕರ್ನಾಟಕ ರಾಜ್ಯ ಬಿಲಿಯರ್ಡ್ಸ್ ಸಂಸ್ಥೆ ಇದೆ. 1985ರಲ್ಲಿ ಹುಟ್ಟಿದ ಪಂಕಜ್ ಆಡ್ವಾಣಿ ಬೆಂಗಳೂರಿನಲ್ಲಿ ಸುಮಾರು ಹತ್ತನೆಯ ವಯಸ್ಸಿನಲ್ಲಿ ಕ್ಯೂ ಹಿಡಿದರು. ಅಣ್ಣ ಶ್ರೀ ಆಡುವುದನ್ನು ನೋಡಿ ಆಸೆಪಟ್ಟ ಹುಡುಗ ಅವರು. ಮಾಜಿ ರಾಷ್ಟ್ರೀಯ ಚಾಂಪಿಯನ್ ಅರವಿಂದ್ ಸವೂರ್ ಅವರ ಬಳಿ ಕಲಿತು, 12ನೆಯ ವಯಸ್ಸಿಗೆ ಮೊದಲ ಪ್ರಶಸ್ತಿ ಗೆದ್ದರು. 2003ರಲ್ಲಿ, 18ನೆಯ ವಯಸ್ಸಿನಲ್ಲಿ, ಚೀನಾದ ಜಿಯಾಂಗ್‌ಮೆನ್‌ನಲ್ಲಿ ವಿಶ್ವ ಅಮೆಚೂರ್ ಸ್ನೂಕರ್ ಚಾಂಪಿಯನ್ ಆದರು. 2006ರ ದೋಹಾ ಮತ್ತು 2010ರ ಗುವಾಂಗ್‌ಜೌ ಏಷ್ಯನ್ ಗೇಮ್ಸ್‌ಗಳಲ್ಲಿ ಚಿನ್ನ ತಂದರು. 2024ರ ಹೊತ್ತಿಗೆ ಅವರ ವಿಶ್ವ ಪ್ರಶಸ್ತಿಗಳು 28 ಆಗಿದ್ದವು.

ಬಿಲಿಯರ್ಡ್ಸ್ ಚೆಂಡೂ ಕೆಲವೊಮ್ಮೆ ಅಂಚಿಗೆ ಬಡಿದು ಅನಿರೀಕ್ಷಿತವಾಗಿ ಗುಳಿಗೆ ಬೀಳುತ್ತದೆ. ಆದರೆ 28 ಸಲ ವಿಶ್ವ ಪ್ರಶಸ್ತಿ ಅದೃಷ್ಟದಿಂದ ಬರುವುದಿಲ್ಲ. ಇಲ್ಲೇ ನನ್ನ ತಮ್ಮನ ಪ್ರಶ್ನೆಗೆ ಉತ್ತರ ಆರಂಭವಾಗುತ್ತದೆ.

ಒಂದು ಹೊಡೆತ, ನೂರು ಆಟ

ಒಂದು ಹೊಡೆತದಲ್ಲಿ ಅದೃಷ್ಟದ ಪಾಲು ದೊಡ್ಡದು. ಆಟಗಳು ಹೆಚ್ಚಿದಂತೆ ಆ ಪಾಲು ಕರಗುತ್ತದೆ. ಲೆಕ್ಕ ಹಾಕಿ ನೋಡೋಣ. ಇಬ್ಬರು ಆಡುತ್ತಿದ್ದಾರೆ, ಉತ್ತಮ ಆಟಗಾರ ನೂರಕ್ಕೆ 60 ಆಟ ಗೆಲ್ಲುತ್ತಾನೆ ಎಂದು ಇಟ್ಟುಕೊಳ್ಳಿ. ಒಂದೇ ಆಟವಾದರೆ ದುರ್ಬಲನಿಗೂ ನೂರಕ್ಕೆ 40ರಷ್ಟು ಅವಕಾಶವಿದೆ. ಮೂರು ಆಟಗಳಲ್ಲಿ ಎರಡು ಗೆಲ್ಲಬೇಕೆಂದರೆ ಉತ್ತಮನ ಅವಕಾಶ ಸುಮಾರು 65ಕ್ಕೆ ಏರುತ್ತದೆ. ಏಳರಲ್ಲಿ ನಾಲ್ಕು ಎಂದರೆ 71. ನೂರ ಒಂದು ಆಟಗಳಾದರೆ ಸುಮಾರು 98. ದ್ವಿಪದ ವಿತರಣೆ ಓದಿದವರು ಕಾಗದದ ಮೇಲೆ ಪರೀಕ್ಷಿಸಿ ನೋಡಬಹುದು.

ದೊಡ್ಡ ಪಿನ್‌ಬಾಲ್ ಸ್ಪರ್ಧೆಗಳನ್ನು ಹಲವು ದಿನ, ಹಲವು ಬೇರೆ ಬೇರೆ ಯಂತ್ರಗಳ ಮೇಲೆ ನಡೆಸುವುದು ಇದೇ ಕಾರಣಕ್ಕೆ. ನಮ್ಮ ವಾರ್ಷಿಕ ಪರೀಕ್ಷೆಯಲ್ಲಿ ಒಂದೇ ಪ್ರಶ್ನೆ ಕೊಡದೆ ಅನೇಕ ಪ್ರಶ್ನೆ ಕೊಡುವುದೂ ಇದಕ್ಕೇ. ಒಂದು ಪ್ರಶ್ನೆ ಓದಿದ ಪಾಠದಿಂದ ಬರುವುದು ಅದೃಷ್ಟ ಇರಬಹುದು, ಇಡೀ ಪತ್ರಿಕೆ ಅದೃಷ್ಟವಾಗಲಾರದು.

ಯಾವುದೇ ಆಟ ಕೌಶಲದ್ದೋ ಅದೃಷ್ಟದ್ದೋ ಎಂದು ತಿಳಿಯಲು ಮೂರು ಸರಳ ಪರೀಕ್ಷೆಗಳಿವೆ. ಒಂದು: ಬೇಕೆಂದೇ ಸೋಲಲು ಸಾಧ್ಯವೇ? ಪಿನ್‌ಬಾಲ್‌ನಲ್ಲಿ ಗುಂಡಿ ಮುಟ್ಟದೆ ನಿಂತರೆ ಸೋಲು ಖಚಿತ. ಕೇರಂನಲ್ಲೂ ಬೇಕೆಂದೇ ತಪ್ಪಾಗಿ ಹೊಡೆಯಬಹುದು. ಲಾಟರಿ ಟಿಕೆಟ್ ಕೊಂಡವನು ಬೇಕೆಂದರೂ ಸೋಲಲಾರ, ಏಕೆಂದರೆ ಅವನ ಕೈಯಲ್ಲಿ ಏನೂ ಇಲ್ಲ. ಎರಡು: ಅಭ್ಯಾಸದಿಂದ ಫಲಿತಾಂಶ ಸುಧಾರಿಸುತ್ತದೆಯೇ? ಮೂರು: ವರ್ಷ ವರ್ಷವೂ ಹೆಚ್ಚುಕಡಿಮೆ ಅದೇ ಹೆಸರುಗಳು ಮೇಲೆ ಬರುತ್ತವೆಯೇ? ಮೂರಕ್ಕೂ ಪಿನ್‌ಬಾಲ್ 'ಹೌದು' ಎನ್ನುತ್ತದೆ. ರಂಜಾನ್ ರಾತ್ರಿಗಳಲ್ಲಿ ತರಾವೀಹ್ ಮುಗಿದ ಮೇಲೆ ನಮ್ಮ ವಿಜಯನಗರದ ಬೀದಿಗಳಲ್ಲಿ ಬಲ್ಬ್ ಕಟ್ಟಿ ಆಡುವ ಕೇರಂ ಕೂಡ 'ಹೌದು' ಎನ್ನುತ್ತದೆ. ಅಲ್ಲಿ ಯಾರು ಗೆಲ್ಲುತ್ತಾರೆಂದು ಬೀದಿಗೆಲ್ಲ ಮೊದಲೇ ಗೊತ್ತಿರುತ್ತದೆ!

ಎರಡನೆಯ ಪ್ರಶ್ನೆ

ಇಲ್ಲಿಗೆ ನಿಲ್ಲಿಸಿದರೆ ಲೇಖನ ಅರ್ಧವಾಗುತ್ತದೆ. 'ಇದು ಕೌಶಲದ ಆಟ' ಎಂಬ ಮಾತನ್ನು ಇತ್ತೀಚಿನ ವರ್ಷಗಳಲ್ಲಿ ನಾವು ಹೆಚ್ಚಾಗಿ ಕೇಳಿದ್ದು ಹಣ ಕಟ್ಟಿ ಆಡುವ ಮೊಬೈಲ್ ಆಟಗಳ ಜಾಹೀರಾತುಗಳಲ್ಲಿ.

2021ರಲ್ಲಿ ಕರ್ನಾಟಕ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದುಪಡಿಸಿತು. ಕೌಶಲದ ಆಟವನ್ನೂ ಅದೃಷ್ಟದ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಎಂಬ ಹಳೆಯ ತತ್ವ ಅಲ್ಲಿ ಮುಖ್ಯವಾಯಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹೊಸ ಕಾಯ್ದೆ ಮಾಡಿತು. ಅದರಲ್ಲಿ ಆಟ ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ಹಣ ಕಟ್ಟಿ ಹಣ ಗೆಲ್ಲುವ ಆನ್‌ಲೈನ್ ಆಟಗಳಿಗೆ ಅವಕಾಶವಿಲ್ಲ. ಇ-ಸ್ಪೋರ್ಟ್ಸ್‌ಗೆ ಬೇರೆ ಸ್ಥಾನವಿದೆ.

ಅಂದರೆ ಪ್ರಶ್ನೆಗಳು ಎರಡು. ಆಟ ಕೌಶಲದ್ದೇ? ಅದರ ಮೇಲೆ ಹಣ ಕಟ್ಟಬಹುದೇ? ಮೊದಲನೆಯದಕ್ಕೆ 'ಹೌದು' ಎಂದ ಮಾತ್ರಕ್ಕೆ ಎರಡನೆಯದಕ್ಕೂ ಅದೇ ಉತ್ತರ ಬರುವುದಿಲ್ಲ. ಜೂಜು ಹರಾಮ್ ಎಂಬ ಮಾತನ್ನು ನಮ್ಮಲ್ಲಿ ಅನೇಕರು ಚಿಕ್ಕಂದಿನಿಂದ ಮನೆಯಲ್ಲಿ ಕೇಳಿದ್ದೇವೆ. ಅದನ್ನು ಕೇಳದೆ ಬೆಳೆದವರಿಗೂ ಲೆಕ್ಕ ಒಂದೇ.

ಆ ಲೆಕ್ಕ ಹೀಗಿದೆ. ಇಬ್ಬರು ತಲಾ 100 ರೂಪಾಯಿ ಕಟ್ಟುತ್ತಾರೆ, ಆಡಿಸುವವನು 20 ಇಟ್ಟುಕೊಂಡು ಗೆದ್ದವನಿಗೆ 180 ಕೊಡುತ್ತಾನೆ ಎಂದುಕೊಳ್ಳಿ. ಸಮಬಲದ ಆಟಗಾರ ಪ್ರತಿ ಆಟಕ್ಕೆ ಸರಾಸರಿ 10 ರೂಪಾಯಿ ಕಳೆದುಕೊಳ್ಳುತ್ತಾನೆ. ನೂರಕ್ಕೆ 55 ಗೆಲ್ಲುವ ಕೌಶಲವಂತನಿಗೆ ಸರಾಸರಿ ಸಿಗುವುದು 99. ಕಟ್ಟಿದ್ದು 100. ಎದುರಾಳಿಗಿಂತ ಚೆನ್ನಾಗಿ ಆಡಿಯೂ ಅವನು ಸೋಲುತ್ತಾನೆ. ಆಟ ಹೆಚ್ಚಿದಷ್ಟೂ ಅದೃಷ್ಟದ ಪಾಲು ಕರಗುತ್ತದೆ ಎಂದು ಮೇಲೆ ಹೇಳಿದೆನಲ್ಲ, ಅದೇ ನಿಯಮ ಇಲ್ಲಿ ಆಡಿಸುವವನ ಪರವಾಗಿ ಕೆಲಸ ಮಾಡುತ್ತದೆ. ನಮ್ಮ ಬೀದಿಯ ಒಬ್ಬ ಅಣ್ಣ ಡಿಗ್ರಿ ಫೀಸಿನ ಹಣವನ್ನು ಹೀಗೆಯೇ ನೂರು ನೂರಾಗಿ ಕಳೆದುಕೊಂಡು ಆ ವರ್ಷ ಕಾಲೇಜಿಗೆ ಹೋಗಲಿಲ್ಲ. ಅವನು ದಡ್ಡನಲ್ಲ. ಆಟದಲ್ಲಿ ನಿಜಕ್ಕೂ ಜಾಣ. ಜಾಣತನ ಅವನನ್ನು ಕಾಯಲಿಲ್ಲ.

ಪಿನ್‌ಬಾಲ್ ಇತಿಹಾಸವೂ ಇದನ್ನೇ ಹೇಳುತ್ತದೆ. ಯಂತ್ರ ಹಣ ಉದುರಿಸುತ್ತಿದ್ದಾಗ ಅದು ಜೂಜಿನ ಪೆಟ್ಟಿಗೆ ಎನ್ನಿಸಿಕೊಂಡಿತು. ಫ್ಲಿಪ್ಪರ್ ಬಂದು, ಅಂಕಕ್ಕಾಗಿ ಆಡತೊಡಗಿದ ಮೇಲೆ ಅದು ಕ್ರೀಡೆಯಾಯಿತು, 13ರ ಹುಡುಗನೊಬ್ಬ ಅಪ್ಪನ ಜೊತೆ ನಿಂತು ಆಡಬಹುದಾದ ಸ್ಪರ್ಧೆಯಾಯಿತು.

ನಿಮ್ಮ ಮನೆಯಲ್ಲೂ ಎಂಟನೇ ತರಗತಿಯ ಒಬ್ಬ ತಮ್ಮನೋ ತಂಗಿಯೋ ಇರಬಹುದು. ಕೇರಂ, ಚೆಸ್, ಕಂಪ್ಯೂಟರ್ ಆಟ, ಯಾವುದರಲ್ಲಾದರೂ ಅವರ ಬೆರಳು ಚುರುಕಾಗಿದ್ದರೆ "ಅದೃಷ್ಟ" ಎಂದು ತಳ್ಳಿಹಾಕಬೇಡಿ. ಕುಳಿತು ಎಣಿಸಿ: ಹತ್ತು ಆಟದಲ್ಲಿ ಎಷ್ಟು ಗೆದ್ದರು, ಮುಂದಿನ ತಿಂಗಳು ಹತ್ತರಲ್ಲಿ ಎಷ್ಟು? ಅಂಕಿ ಏರುತ್ತಿದ್ದರೆ ಅಲ್ಲಿ ಕೌಶಲವಿದೆ. ಅದಕ್ಕೆ ಬೇಕಾದದ್ದು ಒಂದು ಬೋರ್ಡು, ಒಬ್ಬ ಕಲಿಸುವವರು, ದಿನಕ್ಕೆ ಗೊತ್ತುಮಾಡಿದ ಒಂದಿಷ್ಟು ಸಮಯ. ಹಣ ಕಟ್ಟುವ ಮಾತು ಬಂದಲ್ಲಿ ಮಾತ್ರ ಫ್ಲಿಪ್ಪರ್ ಎತ್ತಿ ಹಿಡಿದು ಚೆಂಡನ್ನು ನಿಲ್ಲಿಸಲು ಹೇಳಿಕೊಡಿ.